ಜಿಪ್ ಒತ್ತುವ ಮುಂಚೆ: ಬೀಜ ಹಂಚುವವರಿಗೆ ಒಂದು ಬಹಿರಂಗ ಪತ್ರ

ಬೀಜಮೇಳ ನಡೆಸುವವರಿಗೆ, ಮನೆಬೀಜ ಉಳಿಸಿ ಹಂಚುವ ಅಕ್ಕತಂಗಿಯರಿಗೆ, ಅಂಚೆಯಲ್ಲಿ ಬೀಜ ಕಳಿಸಿಕೊಡುವ ಗೆಳೆಯರಿಗೆಲ್ಲ ನಮಸ್ಕಾರ.

ನಾವೆಲ್ಲ ಈಗ ಬೀಜ ತುಂಬಿ ಕೊಡುತ್ತಿರುವ ಪುಟ್ಟ ಜಿಪ್ ಕವರ್ ಬಗ್ಗೆ ಈ ಪತ್ರ. ಎರಡು ಇಂಚು ಅಗಲ, ಮೂರು ಇಂಚು ಉದ್ದ ಇರುತ್ತದಲ್ವಾ, ಅದೇ. ಬೆಳ್ಳಿ ಅಂಗಡಿಯಲ್ಲಿ ಮೂಗುಬೊಟ್ಟು ಹಾಕಿಕೊಡುವ ಕವರ್. ಹೊಸ ಅಂಗಿಯ ಜೊತೆ ಹೆಚ್ಚಿನ ಗುಂಡಿ ಹಾಕಿ ಬರುವ ಕವರ್. ಮೇಳದ ಮೇಜಿನ ಮೇಲೆ ಸಾಲಾಗಿ ಜೋಡಿಸಿದಾಗ ಎಷ್ಟು ಚೆಂದ ಕಾಣುತ್ತದೆ. ಒಳಗಿನ ಬೀಜದ ಬಣ್ಣ, ಆಕಾರ ಎಲ್ಲ ಕಾಣುತ್ತದೆ. ಮಕ್ಕಳು ಓಡಿ ಬಂದು ಕೈಗೆತ್ತಿಕೊಳ್ಳುತ್ತಾರೆ. ನನಗೂ ಅದು ಇಷ್ಟ. ಅದನ್ನು ಬಿಟ್ಟುಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಅದರ ಬಾಯಿ ಒತ್ತುವ ಮುಂಚೆ ಮಾಡಬೇಕಾದ ಕೆಲಸ ಹಲವು ಕಡೆ ಬಿಟ್ಟುಹೋಗುತ್ತಿದೆ. ನನ್ನ ಮನೆಯಲ್ಲೂ ಬಿಟ್ಟುಹೋಗಿತ್ತು. ಅದರಿಂದ ನಾನು ಕಳೆದುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ನಮ್ಮತ್ತೆ ಮುಳ್ಳುಸೌತೆ ಬೀಜವನ್ನು ಗೋಡೆಗೆ ತಟ್ಟಿಡುತ್ತಿದ್ದರು. ಮಲೆನಾಡಿನವರಿಗೆ ಇದು ಗೊತ್ತು. ಚೌತಿ ಕಳೆದ ಮೇಲೆ ಬಳ್ಳಿಯಲ್ಲೇ ಬಿಟ್ಟು ಹಣ್ಣು ಮಾಡಿದ ಸೌತೆಯ ಬೀಜ ತೆಗೆದು, ಸಗಣಿಯಲ್ಲಿ ಬೆರೆಸಿ, ಅಡುಗೆಮನೆ ಹಿಂದಿನ ಗೋಡೆಗೆ ಬೆರಣಿ ಹಾಗೆ ತಟ್ಟುವುದು. ಒಲೆಯ ಬಿಸಿ ಆ ಗೋಡೆಗೆ ಸದಾ ಇರುತ್ತಿತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಬೇಕಾದಷ್ಟು ಕಿತ್ತು, ಪುಡಿ ಮಾಡಿ, ನೆಡುವುದು. ಆ ಸೌತೆಯ ತೆಳ್ಳೇವು, ಅಂದರೆ ತೆಳ್ಳಗಿನ ದೋಸೆ, ತಿಂದವರು ಅದನ್ನು ಮರೆಯುವುದಿಲ್ಲ. ಕಾಯಿ ಉದ್ದ, ತುದಿಯಲ್ಲಿ ಸ್ವಲ್ಪ ಬಾಗು, ಬಲಿತರೂ ಕಹಿ ಇಲ್ಲ. ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಬೀಜ ಅದು.

ಅತ್ತೆ ತೀರಿಕೊಂಡ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸಬೇಕಾಗಿತ್ತು. ಗೋಡೆಯ ಮೇಲೆ ಅವರ ಕೈಬೆರಳಿನ ಗುರುತಿದ್ದ ಎರಡು ತಟ್ಟು ಉಳಿದಿದ್ದವು. ನಾನು ಜೋಪಾನವಾಗಿ ಕಿತ್ತೆ. ಸಗಣಿ ಯಾಕೆ ಎಂದು ನೀರಲ್ಲಿ ನೆನೆಸಿ ತೊಳೆದೆ. ಮೊರದಲ್ಲಿ ಹರಡಿ ಅರ್ಧ ದಿನ ಬಿಸಿಲಲ್ಲಿಟ್ಟೆ. ಮೇಲೆ ಮುಟ್ಟಿದರೆ ಒಣಗಿತ್ತು. ಹೊಸ ಜಿಪ್ ಕವರಿಗೆ ತುಂಬಿ, ಗಾಳಿಯೆಲ್ಲ ಒತ್ತಿ ತೆಗೆದು, ಬಾಯಿ ಭದ್ರ ಮಾಡಿ, ಅಲ್ಮೇರಾದಲ್ಲಿ ಸೀರೆಯ ಕೆಳಗೆ ಇಟ್ಟೆ. ಅತ್ತೆಗಿಂತ ಚೆನ್ನಾಗಿ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಜೂನ್‌ನಲ್ಲಿ ತೆಗೆದು ನೋಡಿದರೆ ಬೀಜಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬೂದು ಬಣ್ಣದ ಬೂಷ್ಟು. ಕವರ್ ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ. ಆದರೂ ಎಲ್ಲವನ್ನೂ ನೆಟ್ಟೆ. ಒಂದೂ ಹುಟ್ಟಲಿಲ್ಲ. ಗೋಡೆಯ ಮೇಲೆ ಹಾಗೇ ಬಿಟ್ಟಿದ್ದರೆ ಬಹುಶಃ ಹುಟ್ಟುತ್ತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಯಾಕೆ ಹೀಗಾಯಿತು ಎಂದು ಓದಲು, ಕೇಳಲು ಶುರು ಮಾಡಿದೆ. ಬೀಜ ನಮ್ಮ ಕಣ್ಣಿಗೆ ಕಲ್ಲಿನ ಹಾಗೆ ಕಂಡರೂ ಅದು ಜೀವ. ಸಣ್ಣಗೆ ಉಸಿರಾಡುತ್ತಿರುತ್ತದೆ. ಒಳಗೆ ತೇವ ಜಾಸ್ತಿ ಇದ್ದಷ್ಟೂ ಉಸಿರಾಟ ಜಾಸ್ತಿ. ಉಸಿರಾಡಿದಂತೆ ಬಿಸಿ ಹುಟ್ಟುತ್ತದೆ, ಇನ್ನಷ್ಟು ತೇವ ಹುಟ್ಟುತ್ತದೆ, ಬೂಷ್ಟು ಏಳುತ್ತದೆ. ಬಟ್ಟೆಚೀಲದಲ್ಲೋ ಕಾಗದದ ಪೊಟ್ಟಣದಲ್ಲೋ ಇದ್ದರೆ ಆ ತೇವ ಮೆಲ್ಲಗೆ ಹೊರಗೆ ಹೋಗುತ್ತದೆ. ನಾವು ಸ್ವಲ್ಪ ಅವಸರ ಮಾಡಿದ್ದರೂ ಕಾಗದ ಅದನ್ನು ಸಹಿಸಿಕೊಳ್ಳುತ್ತದೆ. ಜಿಪ್ ಕವರ್ ಸಹಿಸುವುದಿಲ್ಲ. ಬಾಯಿ ಒತ್ತಿದಾಗ ಒಳಗೆ ಎಷ್ಟು ತೇವ ಇತ್ತೋ ಅಷ್ಟೂ ಅಲ್ಲೇ ಉಳಿಯುತ್ತದೆ.

ಇದು ಬೀಜದ ಕೆಲಸ ಮಾಡುವ ಸರ್ಕಾರಿ ಇಲಾಖೆಗಳಿಗೆ ಹೊಸ ವಿಷಯ ಅಲ್ಲ. ನಮ್ಮ ದೇಶದ ಬೀಜ ಪ್ರಮಾಣೀಕರಣದ ಮಾನದಂಡದಲ್ಲಿ ಒಂದೇ ಬೆಳೆಗೆ ಎರಡು ತೇವಾಂಶ ಕೊಟ್ಟಿದ್ದಾರೆ. ಸಾಮಾನ್ಯ ಚೀಲಕ್ಕೆ ಒಂದು, ಗಾಳಿಯ ತೇವ ಆಡದ ಹಾಗೆ ಮುಚ್ಚಿದ ಪೊಟ್ಟಣಕ್ಕೆ ಇನ್ನೊಂದು. ಬದನೆ, ಟೊಮೆಟೊ, ಮೆಣಸಿನ ಬೀಜಕ್ಕೆ ಸಾಮಾನ್ಯ ಚೀಲದಲ್ಲಿ 8% ವರೆಗೆ ತೇವ ಇರಬಹುದು. ಮುಚ್ಚಿದ ಪೊಟ್ಟಣವಾದರೆ 6% ದಾಟಬಾರದು. ಬೆಂಡೆಗೆ 10 ಮತ್ತು 8. ಭತ್ತಕ್ಕಂತೂ 13 ಮತ್ತು 8. ಅಂದರೆ ಗೋಣಿಚೀಲದಲ್ಲಿ ಚೆನ್ನಾಗಿಯೇ ಇರುವ ಭತ್ತದ ಬೀಜ, ಅಷ್ಟೇ ಒಣಗಿಸಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟರೆ ಕೆಡಬಹುದು. ಮುಚ್ಚುವುದಾದರೆ ಇನ್ನೂ ಒಣಗಿಸಿ. ಈ ಒಂದು ಮಾತು ನನಗೆ ಆಗ ಗೊತ್ತಿರಲಿಲ್ಲ. ಬೀಜ ಹಂಚುವ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ ಎಂದು ಈಗ ಅನಿಸುತ್ತಿದೆ.

ಹ್ಯಾರಿಂಗ್ಟನ್ ಎಂಬ ಅಮೆರಿಕದ ಬೀಜವಿಜ್ಞಾನಿ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ. ಬೀಜದ ತೇವ ಶೇಕಡ 1 ಇಳಿದರೆ ಅದರ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಹಾಗೇ. ಎಲ್ಲ ಬೀಜಕ್ಕೂ ಇದು ಕರಾರುವಾಕ್ಕಾಗಿ ಹೊಂದುವುದಿಲ್ಲ, ತೀರಾ ಒಣಗಿಸಿದರೂ ಕೆಲವು ಬೀಜ ಕೆಡುತ್ತವೆ. ಆದರೆ ಇನ್ನೊಂದು ದಿನ ನೆರಳಲ್ಲಿ ಹರಡಿದರೆ ಎಷ್ಟು ಲಾಭ ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಈ ಕವರ್ ಪೂರ್ತಿ ಭದ್ರವೂ ಅಲ್ಲ. ತೆಳು ಪ್ಲಾಸ್ಟಿಕ್ ಮೂಲಕ, ಜಿಪ್ಪಿನ ಸಂದಿಯ ಮೂಲಕ ಗಾಳಿಯ ತೇವ ನಿಧಾನಕ್ಕೆ ಒಳಗೆ ಬರುತ್ತದೆ. ನಮ್ಮ ಕಡೆ ಆಷಾಢದಲ್ಲಿ ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಅಂಥ ಗಾಳಿಯಲ್ಲಿ ನಾಲ್ಕು ತಿಂಗಳು ಇಟ್ಟರೆ ಚೆನ್ನಾಗಿ ಒಣಗಿದ ಬೀಜವೂ ಮತ್ತೆ ತೇವ ಕುಡಿಯುತ್ತದೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಬೀಜ ಬ್ಯಾಂಕಿನಲ್ಲಿ, ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜದ ಉಗ್ರಾಣದಲ್ಲಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬೀಜ ಇಡುತ್ತಾರೆ. ಅಲ್ಲಿ ಬಳಸುವುದು ಅಲ್ಯೂಮಿನಿಯಂ ಹಾಳೆಯ ಪದರ ಇರುವ ಪೊಟ್ಟಣ. ಬರೀ ಪ್ಲಾಸ್ಟಿಕ್ ಕವರನ್ನು ಅವರು ನಂಬುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಮೊದಲನೆಯದಾಗಿ, ದಯವಿಟ್ಟು ಮೇಳದ ಹಿಂದಿನ ದಿನ ಕಾಯಿ ಒಡೆದು ಬೀಜ ತುಂಬಬೇಡಿ. ಹೋದ ವರ್ಷ ನಾನು ಒಂದು ಮೇಳದಿಂದ ಹದಿನಾಲ್ಕು ಕವರ್ ತಂದೆ. ಯಾವ ಮೇಳ ಎಂದು ಹೇಳುವುದಿಲ್ಲ, ಅವರು ಮನಸ್ಸಿಟ್ಟು ಕೆಲಸ ಮಾಡುವವರೇ. ಮೂರು ಕವರಿನ ಒಳಮೈಯಲ್ಲಿ ಬೆವರು ಹನಿ ಇತ್ತು. ಬಸ್ಸಿನಲ್ಲಿ ಬರುವಾಗಲೇ ಬಿಚ್ಚಿ ಕರವಸ್ತ್ರದ ಮೇಲೆ ಹರಡಿಕೊಂಡೆ. ಅಲಸಂದೆಯ ಕವರಿನಲ್ಲಿ ಎರಡು ವಾರಕ್ಕೆ ಹುಳ ಹರಿದಾಡುತ್ತಿತ್ತು, ಒಂದೊಂದು ಕಾಳಿಗೂ ತೂತು. ಹುಳ ಕವರಿನ ಹೊರಗಿಂದ ಬಂದದ್ದಲ್ಲ. ಕಾಯಿ ಹೊಲದಲ್ಲಿದ್ದಾಗಲೇ ಅದು ಮೊಟ್ಟೆ ಇಟ್ಟಿರುತ್ತದೆ. ಜಿಪ್ ಎಷ್ಟು ಬಿಗಿ ಇದ್ದರೂ ಒಳಗಿನ ಹುಳಕ್ಕೆ ಅದು ಅಡ್ಡಿಯಾಗುವುದಿಲ್ಲ.

ಬೀಜ ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ನಮ್ಮತ್ತೆ ಹಲ್ಲಿನಲ್ಲಿ ಕಚ್ಚುತ್ತಿದ್ದರು. "ಟಕ್ ಅನ್ನಬೇಕು, ಹಲ್ಲಿನ ಗುರುತು ಕೂರಬಾರದು ನೋಡು" ಎನ್ನುತ್ತಿದ್ದರು. ಅವರೆ, ಅಲಸಂದೆಗೆ ಇದು ಸರಿ. ಸೌತೆ, ಕುಂಬಳದ ಬೀಜ ಬಗ್ಗಿಸಿದರೆ ಬಾಗದೆ ಮುರಿಯಬೇಕು. ಬದನೆ, ಹರಿವೆಯಂಥ ಸಣ್ಣ ಬೀಜಕ್ಕೆ ಉಪ್ಪಿನ ಪರೀಕ್ಷೆ ಇದೆ. ಚೆನ್ನಾಗಿ ಹುರಿದು ಒಣಗಿಸಿದ ಉಪ್ಪು, ಒಂದು ಹಿಡಿ ಬೀಜ, ಎರಡನ್ನೂ ಒಣ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಕುಲುಕಿ. ಹತ್ತು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಬೀಜ ಇನ್ನೂ ಹಸಿ. ಅಷ್ಟೂ ಬೇಡ ಎಂದರೆ, ಒಂದೇ ಒಂದು ಜಿಪ್ ಕವರಿಗೆ ಬೀಜ ತುಂಬಿ, ಮುಚ್ಚಿ, ಒಂದೆರಡು ತಾಸು ಬಿಸಿಲಿಗಿಡಿ. ಒಳಗೆ ಮಂಜು ಕಟ್ಟಿತೋ, ಉಳಿದ ಕವರ್ ತುಂಬಬೇಡಿ. ಕವರ್ ಪಾರದರ್ಶಕ ಆಗಿರುವುದರ ನಿಜವಾದ ಉಪಯೋಗ ಇದು.

ಒಣಗಿಸುವಾಗ ಟಾರು ರಸ್ತೆ, ತಗಡಿನ ಮಾಡು ಬೇಡ. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನ ಮೇಲೆ ಸಣ್ಣ ಬೀಜ ಬೆಂದುಹೋಗುತ್ತದೆ. ಗಾಳಿಯಾಡುವ ನೆರಳು, ಕಾಗದ ಅಥವಾ ಬಟ್ಟೆ, ದಿನಕ್ಕೆ ಎರಡು ಸಲ ಕೈಯಾಡಿಸುವುದು. ಬೇಸಿಗೆಯಾದರೆ ಒಂದು ವಾರ ಸಾಕು. ಮಳೆಗಾಲದಲ್ಲಿ ತೆಗೆದ ಬೀಜವನ್ನು ನೆರಳಲ್ಲಿ ಎಷ್ಟು ದಿನ ಇಟ್ಟರೂ ಪೂರ್ತಿ ಒಣಗುವುದಿಲ್ಲ, ಗಾಳಿಯೇ ಒದ್ದೆ ಇರುತ್ತದಲ್ಲ. ಆಗ ಬೆಳ್ತಿಗೆ ಅಕ್ಕಿಯನ್ನು ಕೆಂಪಗೆ ಹುರಿದು, ಮುಚ್ಚಿಟ್ಟು ಆರಿಸಿ, ಡಬ್ಬಿಯ ಅರ್ಧಕ್ಕೆ ಹಾಕಿ. ಅದರ ಮೇಲೆ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟು ಡಬ್ಬಿ ಮುಚ್ಚಿದರೆ ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಸಿಲಿಕಾ ಜೆಲ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಚಪ್ಪಲಿ ಡಬ್ಬಿಯಲ್ಲಿ ಬಂದ ಹಳೇ ಪೊಟ್ಟಣವನ್ನು ಹಾಗೇ ಹಾಕಬೇಡಿ, ಅದು ಆಗಲೇ ಕುಡಿಯುವಷ್ಟು ತೇವ ಕುಡಿದಿರುತ್ತದೆ.

ಇಷ್ಟಾದ ಮೇಲೆ ಜಿಪ್ ಕವರ್ ನಿಜಕ್ಕೂ ಉಪಕಾರಿ. ಹರಿವೆ ಬೀಜವನ್ನೇ ನೋಡಿ. ಸಾವಿರ ಬೀಜ ಸೇರಿದರೂ ಒಂದು ಗ್ರಾಮ್ ತೂಗುವುದು ಕಷ್ಟ. ಪತ್ರಿಕೆಯ ಪೊಟ್ಟಣದ ಮೂಲೆಯಿಂದ ಸೋರಿ ಸೋರಿ ಮನೆ ಮುಟ್ಟುವಷ್ಟರಲ್ಲಿ ಅರ್ಧ ಖಾಲಿ. ಜಿಪ್ ಕವರಿನಲ್ಲಿ ಸೋರುವುದಿಲ್ಲ, ಇರುವೆ ಮುತ್ತುವುದಿಲ್ಲ. ಆದರೆ ಸಣ್ಣ ಬೀಜ ಪ್ಲಾಸ್ಟಿಕ್ಕಿನ ಒಳಮೈಗೆ ಅಂಟಿಕೊಳ್ಳುತ್ತದೆ. ಜಿಪ್ಪಿನ ಗೀರಿನಲ್ಲಿ ಒಂದೆರಡು ಸಿಕ್ಕಿಹಾಕಿಕೊಂಡರೆ ಬಾಯಿ ಸರಿಯಾಗಿ ಕೂರುವುದೂ ಇಲ್ಲ. ನಾನು ಈಗ ಬೀಜವನ್ನು ಸಣ್ಣ ಕಾಗದದಲ್ಲಿ ಮಡಚಿ, ಆ ಪೊಟ್ಟಣವನ್ನು ಕವರಿನೊಳಗೆ ಇಡುತ್ತೇನೆ. ಕಾಗದ ಅಲ್ಪಸ್ವಲ್ಪ ತೇವ ಹೀರುತ್ತದೆ, ಬರೆಯಲು ಜಾಗವೂ ಆಗುತ್ತದೆ.

ಮನೆಯಲ್ಲಿ ವರ್ಷಗಟ್ಟಲೆ ಇಡುವವರು ಇಂಥ ಕವರುಗಳನ್ನೆಲ್ಲ ಒಂದು ದೊಡ್ಡ ಗಾಜಿನ ಬಾಟಲಿಗೆ ಹಾಕಿ, ಬಿಗಿ ಮುಚ್ಚಳ ಹಾಕಿ, ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತಿರುಗಿಸಬೇಡಿ. ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ, ಒಂದು ರಾತ್ರಿ ಆದರೂ ಸರಿ, ಕಾಯಿರಿ. ಇಲ್ಲದಿದ್ದರೆ ತಣ್ಣಗಿನ ಬೀಜದ ಮೇಲೆ ಹೊರಗಿನ ಗಾಳಿ ನೀರಾಗಿ ಕೂರುತ್ತದೆ. ಹುಳ ಹಿಡಿಯುವ ಕಾಳುಗಳನ್ನು, ಚೆನ್ನಾಗಿ ಒಣಗಿದ್ದರೆ ಮಾತ್ರ, ಒಂದು ವಾರ ಫ್ರೀಜರಿನಲ್ಲಿಟ್ಟರೆ ಒಳಗಿನ ಮೊಟ್ಟೆ ಸಾಯುತ್ತದೆ. ಹಸಿ ಕಾಳನ್ನು ಇಟ್ಟರೆ ಹುಳದ ಜೊತೆ ಬೀಜವೂ ಸಾಯುತ್ತದೆ.

ಕೆಲವು ಬೀಜಗಳನ್ನಂತೂ ಈ ಕವರಿಗೆ ಹಾಕಲೇಬೇಡಿ. ಹಲಸು, ಮಾವು, ಮುರುಗಲು, ನೇರಳೆ. ಇವು ಒಣಗಿದರೆ ಸಾಯುತ್ತವೆ, ಹಸಿಯಾಗಿ ಮುಚ್ಚಿದರೆ ಉಸಿರುಕಟ್ಟಿ ಕೊಳೆಯುತ್ತವೆ. ಒಂದು ಮೇಜಿನ ಮೇಲೆ ಹಲಸಿನ ಬೀಜ ಜಿಪ್ ಕವರಿನಲ್ಲಿ ಎರಡೆರಡಾಗಿ ಕೂತಿದ್ದನ್ನು ನೋಡಿ ನಾನು ಸುಮ್ನೆ ಬರಲಾಗದೆ ಆ ಹುಡುಗನ ಹತ್ತಿರ ಮಾತಾಡಿದೆ. ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ಇವನ್ನು ಒದ್ದೆ ಮರಳಿನಲ್ಲಿಟ್ಟು ಬೇಗ ಕೈ ದಾಟಿಸಬೇಕು. ಸಸಿ ಮಾಡಿ ಕೊಟ್ಟರೆ ಇನ್ನೂ ಚೆನ್ನ.

ಈಗ ಹೆಸರಿನ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕಾಗಿದೆ.

ನಾನು ತಂದ ಹದಿನಾಲ್ಕು ಕವರುಗಳಲ್ಲಿ ಆರರ ಮೇಲೆ ಏನೂ ಬರೆದಿರಲಿಲ್ಲ. ಎರಡರ ಮೇಲೆ ಬರೀ "ಬದನೆ" ಎಂದಿತ್ತು. ಯಾವ ಬದನೆ? ನಮ್ಮ ರಾಜ್ಯದಲ್ಲಿ ಉಡುಪಿಯ ಮಟ್ಟು ಗುಳ್ಳ ಇದೆ, ಮೈಸೂರಿನ ಈರನಗೆರೆ ಬದನೆ ಇದೆ. ಊರು ದಾಟಿದರೆ ಬಣ್ಣ, ಮುಳ್ಳು, ರುಚಿ ಎಲ್ಲ ಬೇರೆ. ಆದರೆ ಕವರಿನೊಳಗಿನ ಬೀಜ ಮಾತ್ರ ಎಲ್ಲದ್ದೂ ಒಂದೇ ಥರ, ಹಳದಿ ಚಪ್ಪಟೆ ಚುಕ್ಕೆ. ಕಾಯಿ ಬಿಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಕಾಯಿ ಬಿಟ್ಟ ಮೇಲೂ ಅದರ ಹೆಸರು, ಅದನ್ನು ಉಳಿಸಿದ ಊರು, ಅದನ್ನು ಯಾವ ಮಳೆಗೆ ಬಿತ್ತಬೇಕು ಎಂಬ ತಿಳಿವಳಿಕೆ ಕೈ ತಪ್ಪಿ ಹೋಗಿರುತ್ತದೆ. ಅಜ್ಜಿಯ ಮನೆಯಲ್ಲಿ ಬೀಜ ಇಸಕೊಳ್ಳುವಾಗ ಇದೆಲ್ಲ ಮಾತಿನಲ್ಲೇ ಬರುತ್ತಿತ್ತು. ಕಾಫಿ ಕುಡಿಯುತ್ತಾ ಅರ್ಧ ಗಂಟೆ ಹೇಳುತ್ತಿದ್ದರು. ಮೇಳದ ನೂಕುನುಗ್ಗಲಿನಲ್ಲಿ ಆ ಅರ್ಧ ಗಂಟೆ ಇಲ್ಲ. ಹಾಗಾಗಿ ಆ ಮಾತು ಕಾಗದದ ಮೇಲೆ ಬರಬೇಕು.

ಪ್ಲಾಸ್ಟಿಕ್ ಮೇಲೆ ಬಾಲ್‌ಪೆನ್ ಕೂರುವುದಿಲ್ಲ. ಮಾರ್ಕರ್ ಬರಹ ಬೆವರಿದ ಕೈಗೆ ಉಜ್ಜಿಹೋಗುತ್ತದೆ. ಪೆನ್ಸಿಲ್‌ನಲ್ಲಿ ಸಣ್ಣ ಚೀಟಿ ಬರೆದು ಒಳಗೆ ಹಾಕಿ, ಒದ್ದೆಯಾದರೂ ಅಳಿಸುವುದಿಲ್ಲ. ನಿಮ್ಮ ಊರಲ್ಲಿ ಕರೆಯುವ ಹೆಸರು, ಬೆಳೆದ ಊರು, ಬೀಜ ತೆಗೆದ ತಿಂಗಳು ಮತ್ತು ವರ್ಷ. ತಿಂಗಳು ಯಾಕೆಂದರೆ ಈರುಳ್ಳಿ ಬೀಜವನ್ನು ಒಂದು ವರ್ಷ ದಾಟಿದ ಮೇಲೆ ನಂಬುವಂತಿಲ್ಲ, ಬದನೆ ಟೊಮೆಟೊ ಚೆನ್ನಾಗಿಟ್ಟರೆ ನಾಲ್ಕು ವರ್ಷ ಬರುತ್ತವೆ. ಪಕ್ಕದಲ್ಲಿ ಬೇರೆ ತಳಿಯ ಮೆಣಸೋ ಬದನೆಯೋ ಬೆಳೆದಿದ್ದರೆ ಅದನ್ನೂ ಬರೆದುಬಿಡಿ, ಬೆರಕೆ ಆಗಿರಬಹುದಲ್ಲ. ನಾಚಿಕೆ ಬೇಡ. ಕೊಡುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಎಷ್ಟು ಮೊಳೆತವು ಎಂದು ನೋಡಿದ್ದರೆ ಆ ಲೆಕ್ಕವನ್ನೂ ಬರೆಯಿರಿ. ಹತ್ತರಲ್ಲಿ ಐದು ಎಂದು ಬರೆದಿದ್ದರೆ ಪಡೆದವರು ಎರಡು ಪಟ್ಟು ಬಿತ್ತುತ್ತಾರೆ, ಅಷ್ಟೇ.

ನಮ್ಮ ಬೀಜವನ್ನು ಉಳಿಸುವ, ಬಿತ್ತುವ, ಕೊಟ್ಟು ತೆಗೆದುಕೊಳ್ಳುವ, ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೇ. ನಮ್ಮ ಕವರಿನ ಮೇಲೆ ಕಂಪನಿಯ ಹೆಸರು ಹೇಗೂ ಇರುವುದಿಲ್ಲ. ಊರಿನ ಹೆಸರಾದರೂ ಇರಲಿ ಎಂದು ಕೈಮುಗಿದು ಕೇಳುತ್ತೇನೆ.

ಖಾಲಿ ಕವರಿನ ಬಗ್ಗೆಯೂ ಒಂದು ಮಾತು. ಮಣ್ಣು ಹಾಳಾಗಬಾರದು ಎಂದು ನಾಟಿ ಬೀಜ ಬಿತ್ತುವ ನಾವೇ, ಬಿತ್ತಿದ ಮೇಲೆ ಕವರನ್ನು ಬದುವಿನಲ್ಲಿ ಬಿಟ್ಟು ಬರುತ್ತೇವೆ. ನಾನು ನೋಡಿದ್ದೇನೆ, ದನ ಮೂಸುತ್ತಿತ್ತು. ಒಂದು ಜಿಪ್ ಕವರ್ ಹತ್ತಾರು ಸಲ ಬಳಕೆಗೆ ಬರುತ್ತದೆ. ಜಿಪ್ ಸವೆಯುವವರೆಗೆ ಅದಕ್ಕೆ ಸಾವಿಲ್ಲ. ಮೇಳದವರು ಪ್ರತಿ ಮೇಜಿನ ಹತ್ತಿರ ಒಂದು ಬುಟ್ಟಿ ಇಟ್ಟು, ಹೋದ ವರ್ಷದ ಕವರ್ ಇಲ್ಲಿ ಹಾಕಿ ಎಂದು ಬರೆದರೆ ಜನ ಖಂಡಿತ ತರುತ್ತಾರೆ. ಒಳಗೆ ಹುಳ, ಬೂಷ್ಟು ಇದ್ದ ಕವರನ್ನು ಮಾತ್ರ ಮತ್ತೆ ಬೀಜಕ್ಕೆ ಬಳಸಬೇಡಿ, ಗುಂಡಿ, ಸೂಜಿ, ಪಿನ್ನು ಇಟ್ಟುಕೊಳ್ಳಿ. ಅವರೆ, ತೊಗರಿ, ಬೆಂಡೆಯಂಥ ದಪ್ಪ ಬೀಜಕ್ಕೆ ಕವರೇ ಬೇಡ. ಕಾಗದದ ಪೊಟ್ಟಣ ಸಾಕು. ಮನೆಯಲ್ಲಿ ಇಡುವುದಾದರೆ ಬೂದಿ ಬೆರೆಸಿ ಮಡಕೆಯಲ್ಲಿಡುವ ಹಳೇ ಕ್ರಮವನ್ನೇ ಬಿಡಬೇಡಿ.

ಸೌತೆ ಬೀಜ ಏನಾಯಿತು ಎಂದು ಹೇಳದೆ ಪತ್ರ ಮುಗಿಸಲಾರೆ. ಮೂರು ಮಳೆಗಾಲ ನಮ್ಮ ಹಿತ್ತಲಲ್ಲಿ ಆ ಬಳ್ಳಿ ಇರಲಿಲ್ಲ. ಆಮೇಲೆ ಒಂದು ಮದುವೆಮನೆಯಲ್ಲಿ ದೂರದ ನೆಂಟರೊಬ್ಬರು, "ನಿಮ್ಮತ್ತೆ ಕೊಟ್ಟ ಸೌತೆ ಈಗಲೂ ನಮ್ಮಲ್ಲಿದೆ, ತೆಳ್ಳೇವಿಗೆ ಅದೇ ಆಗಬೇಕು ನಮ್ಮನೆಯವರಿಗೆ" ಎಂದರು. ನನಗೆ ಅಲ್ಲೇ ಕಣ್ಣು ತುಂಬಿತು. ಮಾರನೇ ವಾರ ಅವರ ಮನೆಗೆ ಹೋದೆ. ಅವರು ಬೀಜವನ್ನು ಗೋಡೆಗೇ ತಟ್ಟಿದ್ದರು. ಒಂದು ತಟ್ಟನ್ನು ಹಾಗೇ ಕಿತ್ತು, ಹಳೇ ಪತ್ರಿಕೆಯಲ್ಲಿ ಸುತ್ತಿಕೊಟ್ಟರು.

ಅದರಲ್ಲಿ ಇಪ್ಪತ್ತಮೂರು ಬೀಜ ಇದ್ದವು. ಹತ್ತೊಂಬತ್ತು ಹುಟ್ಟಿದವು. ಈ ವರ್ಷ ನಾಲ್ಕು ಹಣ್ಣು ಬೀಜಕ್ಕೆಂದೇ ಬಳ್ಳಿಯಲ್ಲಿ ಬಿಟ್ಟಿದ್ದೇನೆ. ಅರ್ಧ ಬೀಜ ಗೋಡೆಗೆ ಹೋಗುತ್ತದೆ. ಇನ್ನರ್ಧವನ್ನು ಒಣಗಿಸಿ, ಬಗ್ಗಿಸಿದರೆ ಮುರಿಯುವ ಹಾಗಾದ ಮೇಲೆ, ಮುಂದಿನ ಮೇಳಕ್ಕೆ ತರುತ್ತೇನೆ. ಪ್ರತಿ ಕವರಿನ ಒಳಗೂ ಒಂದು ಚೀಟಿ ಇರುತ್ತದೆ. ಹಳೇ ಕವರ್ ಇದ್ದವರು ದಯವಿಟ್ಟು ತನ್ನಿ, ಅದಕ್ಕೇ ತುಂಬಿಕೊಡುತ್ತೇನೆ.

ಇಂತಿ ನಿಮ್ಮ,
ಸಾಗರ ತಾಲ್ಲೂಕಿನ ಒಬ್ಬ ಕೈತೋಟದ ಹೆಣ್ಣುಮಗಳು